ಭಾಲ್ಕಿಯಲ್ಲಿಲ್ಲದ ಗೋಡೆ

ನನಗೊಂದು ಚಾಳಿಯಿದೆ. ಯಾರಿಗಾದರೂ ಏನನ್ನಾದರೂ ಎಸೆದು ಕೊಡಬೇಕಾದರೆ ನೇರವಾಗಿ ಎಸೆಯುವುದಿಲ್ಲ. ಪಕ್ಕದ ಗೋಡೆಗೆ ಎಸೆಯುತ್ತೇನೆ. ಅದು ಗೋಡೆಗೆ ತಾಗಿ, ತಿರುಗಿ, ಅವರ ಕೈ ಸೇರಬೇಕೆಂಬುದು ನನ್ನ ಆಸೆ. ಮೊನ್ನೆ ಹೆಂಡತಿ ಅಡುಗೆಮನೆಯಿಂದ ನಿಂಬೆಹಣ್ಣು ಕೇಳಿದಳು. ಪಡಸಾಲೆಯಲ್ಲಿ ಕೂತಿದ್ದ ನಾನು ಬಾಗಿಲ ಪಕ್ಕದ ಗೋಡೆಗೆ ಗುರಿಯಿಟ್ಟೆ. ನಿಂಬೆಹಣ್ಣು ಗೋಡೆಗೆ ತಾಗಿತು, ತಿರುಗಿತು, ಮಜ್ಜಿಗೆಯ ಪಾತ್ರೆಗೆ ಬಿತ್ತು.

"ಮಂದಿ ಎದ್ದು ಬಂದು ಕೈಯಾಗ ಕೊಡ್ತಾರ್ರಿ," ಎಂದಳು. "ನಿಮ್ದೊಂದು ಗ್ವಾಡಿ ಮ್ಯಾಲಿಂದೇ ಬರಬೇಕು. ಆ ಖಣಿ ಇನ್ನಾ ನಿಮ್ಮ ತಲ್ಯಾಗಿಂದ ಹೋಗಿಲ್ಲ ನೋಡ್ರಿ."

ಅವಳು ಆ ಖಣಿಯನ್ನು ಕಂಡವಳಲ್ಲ. ನನ್ನ ಬಾಯಿಂದ ಕೇಳಿದ್ದಾಳೆ, ಅಷ್ಟೇ. ಪ್ರತಿ ಸಲವೂ ನಾನು ಬೇರೆ ಬೇರೆ ರೀತಿಯಲ್ಲಿ ಹೇಳಿದ್ದೇನೆ ಎಂಬುದು ಅವಳ ಇನ್ನೊಂದು ದೂರು. ಅದೂ ನಿಜ. ಆದ್ದರಿಂದ ನಿಮಗೆ ಮೊದಲೇ ತಿಳಿಸಿಬಿಡುತ್ತೇನೆ: ಈಗ ಹೇಳುವುದು ಇವತ್ತಿನ ನೆನಪು. ನಾಳಿನದರ ಜವಾಬ್ದಾರಿ ನನ್ನದಲ್ಲ.

ಬೀದರಿನಿಂದ ಚಿದ್ರಿಯ ಕಡೆಗೆ ಹೋಗುವಾಗ ದಾರಿಯ ಬಲಕ್ಕೆ ಒಂದು ಹಳೆಯ ಕಲ್ಲಿನ ಖಣಿ ಇತ್ತು. ಬಲಕ್ಕೆ ಎಂದು ಬರೆದೆ, ಎಡಕ್ಕೂ ಇದ್ದೀತು. ಹೋದದ್ದಕ್ಕಿಂತ ತಿರುಗಿ ಬಂದದ್ದೇ ನನಗೆ ಹೆಚ್ಚು ನೆನಪಿರುವುದರಿಂದ ಎಡಬಲಗಳು ಅದಲುಬದಲಾಗಿರುತ್ತವೆ. ನಮ್ಮ ಊರಿನ ನೆಲದಡಿ ಇರುವುದೆಲ್ಲ ಕೆಂಪು ಕಲ್ಲು. ಅಗೆಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ, ಮೈತುಂಬ ತೂತು. ಆ ಖಣಿಯ ಕಲ್ಲು ಕಡಿದು ಕಡಿದು ಊರಿನ ಎಷ್ಟೋ ಮನೆಗಳು ಎದ್ದಿದ್ದವು. ಮನೆಗಳೆಲ್ಲ ಮೇಲಕ್ಕೆ ಎದ್ದುಹೋದ ಮೇಲೆ ಕೆಳಗೆ ಉಳಿದ ಜಾಗ ಅದು. ಮೂರು ಕಡೆ ಆಳೆತ್ತರಕ್ಕೂ ಮಿಗಿಲಾದ ನೆಟ್ಟಗಿನ ಗೋಡೆ, ನಾಲ್ಕನೆಯ ಕಡೆ ಹಿಂದೆ ಕಲ್ಲಿನ ಬಂಡಿಗಳು ಇಳಿಯುತ್ತಿದ್ದ ಇಳಿಜಾರು. ಮಳೆಗಾಲದಲ್ಲಿ ಅದು ಹೊಂಡ. ಚಿಕ್ಕವರಿದ್ದಾಗ ಅಲ್ಲಿ ಕದ್ದು ಈಜಿ ಬಂದರೆ ಕಿವಿಯ ಹಿಂದೆ ಕೆಂಪು ಗೆರೆ ಉಳಿಯುತ್ತಿತ್ತು. ಅವ್ವ ಮಾತಾಡದೆ ಕಿವಿ ಮಡಚಿ ನೋಡುತ್ತಿದ್ದಳು. ಮುಂದಿನದನ್ನು ಬರೆಯುವುದಿಲ್ಲ.

ನಾನು ಮಾಸ್ತರನಾಗುವ ಹೊತ್ತಿಗೆ ಆ ಖಣಿ ಹಾಕಿ ಆಟದ ಮೈದಾನವಾಗಿತ್ತು. ಮೈದಾನ ಎಂದರೆ ಭಾಲ್ಕಿಯವರು ನಗುತ್ತಾರೆ. ಇರಲಿ. ನಿಜಾಮರ ಕಾಲ, ನಮ್ಮ ಕಡೆಗೆ ರೈಲು ಹೊಸದಾಗಿ ಬಂದ ವರ್ಷಗಳು. ಊರಲ್ಲಿ ಒಳ್ಳೆಯ ಮೈದಾನವೊಂದಿತ್ತು, ಪರೇಡ್ ಮೈದಾನ. ಅದು ಸರ್ಕಾರಿ ನೌಕರರದು, ಬೂಟು ಹಾಕಿದವರದು. ಟಾಂಗಾ ಹೊಡೆಯುವ ಯೂಸುಫ್, ಜನವಾಡದಿಂದ ಬರುತ್ತಿದ್ದ ಕುರಿ ಕಾಯುವವರ ಮನೆಯ ಮಾಣಿಕ, ಇಂಥವರು ಅಲ್ಲಿ ಬೇಲಿಯ ಹೊರಗಿನಿಂದ ನೋಡಬಹುದಿತ್ತು. ಅವರನ್ನೆಲ್ಲ ಖಣಿಗೆ ಕರೆದುಕೊಂಡು ಬಂದವನು ನಮ್ಮ ಶರಣಪ್ಪ ಕಾಕಾ, ನನ್ನ ಅಪ್ಪನ ತಮ್ಮ. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಅವನ ಕಿರಾಣಿ ಅಂಗಡಿ. ಜನ್ಮದಲ್ಲಿ ಒಮ್ಮೆಯೂ ಹಾಕಿ ಕೋಲು ಹಿಡಿದವನಲ್ಲ. ಆದರೆ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿದನೆಂದರೆ ಉಳಿದ ದಿನವೆಲ್ಲ ಹಾಕಿಯದೇ ಮಾತು.

ಖಣಿಯ ಕಾನೂನು ಬೇರೆ. ಬೇರೆ ಕಡೆ ಚೆಂಡು ಗೆರೆ ದಾಟಿದರೆ ಹೊರಗೆ. ನಮ್ಮಲ್ಲಿ ಗೆರೆ ಹಾಕಲು ಜಾಗವೇ ಇರಲಿಲ್ಲ, ಹಾಗಾಗಿ 'ಹೊರಗೆ' ಎಂಬುದೂ ಇರಲಿಲ್ಲ. ಚೆಂಡು ಗೋಡೆಗೆ ಬಡಿದರೆ ತಿರುಗಿ ಬರುತ್ತಿತ್ತು, ಆಟ ಮುಂದುವರಿಯುತ್ತಿತ್ತು. ಎಡಗಡೆಯಲ್ಲಿ ಆಡುತ್ತಿದ್ದ ಯೂಸುಫ್ ಇದನ್ನೇ ವಿದ್ಯೆ ಮಾಡಿಕೊಂಡಿದ್ದ. ಎದುರಾಳಿ ಅಡ್ಡ ಬಂದರೆ ಚೆಂಡನ್ನು ಗೋಡೆಗೆ ಹೊಡೆದು, ತಾನು ಅವನ ಇನ್ನೊಂದು ಪಕ್ಕದಿಂದ ಓಡಿ, ತಿರುಗಿ ಬಂದ ಚೆಂಡನ್ನು ಎತ್ತಿಕೊಳ್ಳುತ್ತಿದ್ದ. ಕಲ್ಲಿನಲ್ಲಿ ತೂತುಗಳಿದ್ದುದರಿಂದ ಚೆಂಡು ಎಲ್ಲಿಗೆಂದರೆ ಅಲ್ಲಿಗೆ ಸಿಡಿಯುತ್ತಿತ್ತು. ಹೊಸಬರಿಗೆ ಅದು ಹುಚ್ಚಾಟ. ಯೂಸುಫನಿಗೆ ಒಂದೊಂದು ತೂತೂ ಪರಿಚಯದ ಮುಖ. ಒಂದು ಕಡೆ ಕಲ್ಲು ಸ್ವಲ್ಪ ಮುಂದಕ್ಕೆ ಚಾಚಿಕೊಂಡಿತ್ತು. ಕಾಕಾ ಅದಕ್ಕೆ 'ಕುದುರಿ ಕಿವಿ' ಎಂದು ಹೆಸರಿಟ್ಟಿದ್ದ. ಅಲ್ಲಿಗೆ ಬಡಿದ ಚೆಂಡು ಚೂಪಾಗಿ ಒಳಕ್ಕೆ ತಿರುಗಿ ಗೋಲಿನ ಎದುರಿಗೇ ಬರುತ್ತಿತ್ತು.

ನಾವು ನೋಡುವವರು ಮೇಲೆ, ಖಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂಡುತ್ತಿದ್ದೆವು. ಆಟ ನಮ್ಮ ಪಾದಗಳ ಕೆಳಗೆ. ಇದನ್ನು ನಿಮಗೆ ಹೇಗೆ ಹೇಳಲಿ? ಬೇರೆ ಊರುಗಳಲ್ಲಿ ಜನ ಆಟಗಾರರ ಬೆನ್ನು ನೋಡುತ್ತಾರೆ, ಧೂಳು ನೋಡುತ್ತಾರೆ, ಮುಂದೆ ನಿಂತವನ ರುಮಾಲು ನೋಡುತ್ತಾರೆ. ನಾವು ಆಟದ ನೆತ್ತಿಯನ್ನು ನೋಡುತ್ತಿದ್ದೆವು. ಕೆಂಪು ನೆಲದ ಮೇಲೆ ಬಿಳಿಯ ಚೆಂಡು ಓಡಿದ ದಾರಿ, ಚೆಂಡು ಮುಂದೆ ಹೋದ ಮೇಲೂ ಒಂದು ಗಳಿಗೆ ಅಲ್ಲೇ ಉಳಿದಂತೆ ಕಾಣುತ್ತಿತ್ತು. ಕಾಕಾನ ಗೆಳೆಯ ಹುಸೇನ್ ಸಾಬ್ ಬಿದರಿ ಕೆಲಸದವರು, ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಕೈ. ಒಮ್ಮೆ ಯೂಸುಫ್ ಗೋಡೆಯ ಮೇಲೆ ಮೇಲಿಂದ ಮೇಲೆ ಚೆಂಡು ಆಡಿಸಿಕೊಂಡು ಇಡೀ ಖಣಿ ದಾಟಿದಾಗ ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಮಾಸ್ತರ, ನಾ ದಿನಾ ಬೆಳ್ಳಿ ತಂತಿ ಕೂಡಸ್ತೇನಿ. ಮೊದಲ ಗೆರಿ ಕೊರೀಬೇಕು, ಆಮ್ಯಾಲ ತಂತಿ. ಇಂವ ನೋಡ್ರಿ, ಗೆರಿ ಕೊರೀದೇ ತಂತಿ ಕೂಡಸ್ಲತ್ತಾನ."

ಬೆರಗಾದಾಗ ಮಾತು ಬರದಿರುವುದು ನನ್ನ ಒಳ್ಳೆಯ ಗುಣಗಳಲ್ಲಿ ಒಂದು. ಬರೆಯುವಾಗ ಮಾತ್ರ ಅದು ಕೈಕೊಡುತ್ತದೆ.

ಮೇಲೆ ಕೂತವರಿಗೂ ಒಂದು ಕೆಲಸವಿತ್ತು. ಯೂಸುಫನಿಗೆ ಯಾರಾದರೂ ಅಡ್ಡ ಬಂದೊಡನೆ ನಾವೆಲ್ಲ ಒಟ್ಟಿಗೆ "ಗ್ವಾಡಿ" ಎಂದು ಕೂಗುತ್ತಿದ್ದೆವು. ಮೂರು ಕಡೆಯ ಕಲ್ಲು ಆ ಕೂಗನ್ನು ಹಿಡಿದು ತಿರುಗಿ ಕೊಡುತ್ತಿತ್ತು. ಅಂಗಡಿಯಲ್ಲಿ ಬೆಲ್ಲ ತೂಗುವಾಗ ಎಷ್ಟು ಮೆತ್ತಗೆ ಮಾತಾಡುತ್ತಿದ್ದನೋ, ಅಲ್ಲಿ ಕಾಕಾನ ಗಂಟಲು ಅಷ್ಟು ಜೋರು.

ನಮ್ಮ ಆಟದ ಕಾಲ ದಸರೆ ಕಳೆದ ಮೇಲೆ ಶುರುವಾಗುತ್ತಿತ್ತು ಎಂದು ಹೇಳುವ ರೂಢಿಯಿದೆ. ಅದು ತಪ್ಪು. ಖಣಿಯ ನೀರು ಇಳಿದ ಮೇಲೆ ಶುರುವಾಗುತ್ತಿತ್ತು. ಅದೂ ಪೂರ್ತಿ ಇಳಿಯುತ್ತಿರಲಿಲ್ಲ. ಬಲ ಮೂಲೆಯಲ್ಲಿ ಬಹಳ ದಿನ ಹಸಿರು ನೀರು ನಿಂತಿರುತ್ತಿತ್ತು, ಕಪ್ಪೆಗಳ ಸಮೇತ. ಹಾಗಾಗಿ ಮೊದಲ ಪಂದ್ಯಗಳ ಹೊತ್ತಿಗೆ ನಮ್ಮ ತಂಡಕ್ಕೆ ಬಲಗೈ ಎಂಬುದೇ ಇರುತ್ತಿರಲಿಲ್ಲ. ಎಲ್ಲವೂ ಎಡಗಡೆಯಿಂದ, ಎಲ್ಲವೂ ಯೂಸುಫನಿಂದ, ಎಲ್ಲವೂ ಗೋಡೆಯಿಂದ.

ನಾನು ಹೇಳುತ್ತಿರುವ ವರ್ಷ ಮೊದಲ ಪಂದ್ಯ ಔರಾದಿನಲ್ಲಿ. ಸೋತೆವು. ಅಲ್ಲಿಯದು ಕರಿನೆಲ. ಮಳೆಯ ಹಸಿ ಆರದ ಮಣ್ಣು ಚೆಂಡನ್ನು ತಿಂದು ತಿಂದು ಉಗುಳುತ್ತಿತ್ತು. ನಮ್ಮವರ ಕಾಲಿಗೆ ಒಂದೊಂದು ಹೊಲವೇ ಅಂಟಿಕೊಂಡಿತ್ತು. ಮಣ್ಣಿನ ತಪ್ಪು ಎಂದು ಅಂಗಡಿಯ ಕಟ್ಟೆಯಲ್ಲಿ ತೀರ್ಮಾನವಾಯಿತು. ಎರಡನೆಯದು ಭಾಲ್ಕಿಯಲ್ಲಿ. ಸ್ಟೇಷನ್ನಿನ ಹಿಂದೆ ಹದವಾದ ಬಯಲು, ಒಣಗಿದ ನೆಲ, ಸುಣ್ಣದ ಗೆರೆ. ಮಣ್ಣಿನ ಮೇಲೆ ತಪ್ಪು ಹೊರಿಸಲು ದಾರಿಯೇ ಇರಲಿಲ್ಲ.

ಆಟ ಶುರುವಾಗಿ ಚಹಾ ಆರುವಷ್ಟು ಹೊತ್ತೂ ಆಗಿರಲಿಲ್ಲ, ಯೂಸುಫನಿಗೆ ಭಾಲ್ಕಿಯವನೊಬ್ಬ ಅಡ್ಡ ಬಂದ. ಗೆರೆಯ ಬದಿಗೆ ನಿಂತಿದ್ದ ನಾವು ಉಸಿರು ತುಂಬಿಕೊಂಡು "ಗ್ವಾಡಿ" ಎಂದೆವು. ಯೂಸುಫ್ ಎಡಕ್ಕೆ ಚೆಂಡು ಹೊಡೆದ, ಎದುರಾಳಿಯನ್ನು ಸುತ್ತಿ ಓಡಿದ, ಬಗ್ಗಿ ಕೋಲು ಚಾಚಿ ನಿಂತ. ಚೆಂಡು ಬರಲಿಲ್ಲ. ಅದು ಸುಣ್ಣದ ಗೆರೆ ದಾಟಿ ತೊಗರಿ ಹೊಲದಲ್ಲಿ ಮಾಯವಾಗಿತ್ತು. ಯೂಸುಫ್ ಇನ್ನೂ ಬಗ್ಗಿಯೇ ಇದ್ದ. ಒಂದು ಸಲವಲ್ಲ, ಇಡೀ ಪಂದ್ಯ ಇದೇ ಆಯಿತು. ತೊಗರಿಯಲ್ಲಿ ಚೆಂಡು ಹುಡುಕುವುದೇ ಅಂದಿನ ಮುಖ್ಯ ಆಟ.

"ಏ ಬೀದರ್ ಭಾಯಿ, ಬಗ್ಗಿ ಯಾರ ದಾರಿ ನೋಡ್ಲತ್ತೀರಿ?" ಎಂದು ಯಾರೋ ಕೂಗಿದರು. ಬಯಲೆಲ್ಲ ನಕ್ಕಿತು.

ಭಾಲ್ಕಿ ತಂಡದ ಯಜಮಾನ ವಿಠಲರಾವ್ ತೊಗರಿಯ ಅಡತಿ ವ್ಯಾಪಾರಿ. ಆಟ ಮುಗಿದ ಮೇಲೆ ನಮಗೆಲ್ಲ ಚಹಾ ಕೊಡಿಸಿ, ಬಹಳ ಮರ್ಯಾದೆಯಿಂದಲೇ ಹೇಳಿದರು:

"ಶರಣಪ್ಪನವರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಂದಿ ಚಲೋ ಅದಾರ. ಖರೆ ನಿಮ್ದು ಮೈದಾನ ಅಲ್ರಿ, ಬಾವಿ ಅದ. ಬಾವ್ಯಾಗ ಆಡಿದವರು ಬೈಲಾಗ ಹಿಂಗೇ ಆಗ್ತಾರ. ಔರಾದದವರೂ ನಾವೂ ಮಾತಾಡೇವಿ. ಇನ್ಮ್ಯಾಲ ಆ ಬಾವ್ಯಾಗ ನಾವು ಇಳ್ಯಾಂಗಿಲ್ಲ. ನೀವು ಪರೇಡ್ ಮೈದಾನದಾಗ ಆಡ್ರಿ, ಬರ್ತೇವಿ."

ಪರೇಡ್ ಮೈದಾನ ಎಂದರೆ ಏನೆಂದು ನಮಗೆ ಗೊತ್ತಿತ್ತು. ಅಲ್ಲಿ ಆಡಿದರೆ ತಂಡ ಅಲ್ಲಿನವರದು. ಯೂಸುಫ್ ಮತ್ತೆ ಬೇಲಿಯ ಹೊರಗೆ, ಮಾಣಿಕ ಮತ್ತೆ ಕುರಿಯ ಹಿಂದೆ. ಕಾಕಾ ಚಹಾದ ಬಟ್ಟಲನ್ನು ಕೆಳಗಿಟ್ಟ.

"ಇಲ್ಲೇ, ನಿಮ್ಮ ಬೈಲಾಗೇ, ನಿಮಗ ಒಮ್ಮಿ ಸೋಲಿಸಿದ್ರ?"

"ಸೋಲಿಸಿದ್ರ ನಾನೇ ಬಾವಿಗಿ ಇಳೀತೇನಿ. ನಿಮ್ಮ ಗ್ವಾಡಿ ಕಾನೂನೂ ಒಪ್ತೇನಿ. ಔರಾದದವರಿಗೂ ಒಪ್ಪಸ್ತೇನಿ. ಬರಾಬರಿ ಆದ್ರ ಇಲ್ರಿ ಮತ್ತ. ಗೆಲ್ಲಬೇಕು."

"ಆತು," ಎಂದ ಕಾಕಾ. ಆಡುವವರನ್ನು ಒಂದು ಮಾತು ಕೇಳಲಿಲ್ಲ. ನೋಡುವವರು ಯಾವಾಗಲೂ ಹಾಗೆಯೇ.

ಮುಂದಿನ ಪಂದ್ಯದವರೆಗಿನ ದಿನಗಳು ಅಂಗಡಿಯ ಕಟ್ಟೆಯ ಮೇಲೆ ಕಳೆದವು. ಗಿರಾಕಿಗಳು ಬಂದರು, ನಿಂತರು, ಹೋದರು. ರೈಲಿನಲ್ಲಿ ತಿಂದ ಒಗ್ಗರಣೆ ಚುರುಮುರಿ ಹೊಟ್ಟೆಗೆ ಭಾರವಾಯಿತು ಎಂಬುದು ಕಾಕಾನ ವಾದ.

"ಚುರುಮುರಿ ಎಲ್ಲಿ ಭಾರ ಆಗ್ತದೋ ಕಾಕಾ," ಎಂದೆ.

"ನೀ ಸುಮ್ನ ಕೂಡು ಬಸ್ಯಾ. ಸಾಲ್ಯಾಗ ಹೇಳೂದು ಇಲ್ಲಿ ಹೇಳಬ್ಯಾಡ."

"ಚೆಂಡು ನಕಲಿ ಅದ ಸೇಠ," ಎಂದರು ಹುಸೇನ್ ಸಾಬ್. "ಭಾಲ್ಕಿ ಚೆಂಡು. ತೊಗರಿ ಕಡಿಗೇ ಓಡ್ತದ. ತವರು ಮನಿ ಅದಕ್ಕ."

ನಾನು ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಬಯಲನ್ನು ಬರೆದು, ಯಾರು ಎಲ್ಲಿ ನಿಲ್ಲಬೇಕೆಂದು ಬಾಣಗಳನ್ನು ಹಾಕಿ ತೋರಿಸಿದೆ. ಎಲ್ಲರೂ ಗೌರವದಿಂದ ನೋಡಿದರು. ಆಮೇಲೆ ಯಾರೋ ಅದರ ಮೇಲೆ ಜೋಳದ ಚೀಲ ಇಟ್ಟರು.

ಅಷ್ಟರಲ್ಲಿ ಯೂಸುಫ್ ಕುದುರೆಗೆ ಕಡಲೆ ತೆಗೆದುಕೊಳ್ಳಲು ಬಂದ. ಕಟ್ಟೆಯ ಮೇಲೆ ಎಲ್ಲರೂ ಸುಮ್ಮನಾದೆವು. ಸೋತವನ ಎದುರು ಅವನ ಸೋಲಿನ ಮಾತಾಡುವುದು ಸರಿಯಲ್ಲವೆಂದು. ಅವನು ಕಡಲೆಯ ಗಂಟು ಕಟ್ಟುತ್ತ, ಗಂಟನ್ನೇ ನೋಡುತ್ತ ಹೇಳಿದ:

"ಸೇಠ, ಒಂದು ಮಾತು. ಭಾಲ್ಕ್ಯಾಗ ನೀವು ಒದರಬ್ಯಾಡ್ರಿ."

"ಯಾಕೋ?"

"ನೀವು ಗ್ವಾಡಿ ಅಂದ್ರ ನನ್ನ ಕೈ ತಾನಾ ಹೊಡೀತದ್ರಿ. ನಾ ಹೊಡ್ಯಾಂಗಿಲ್ಲ. ಕೈ ಹೊಡೀತದ. ಅಲ್ಲಿ ಗ್ವಾಡಿ ಇಲ್ಲ ಅಂತ ಕೈಗಿ ಏನ್ ಗೊತ್ತು?"

ಅವನು ಗಂಟು ಎತ್ತಿಕೊಂಡು ಹೋದ. ಬಯಲಿನಲ್ಲಿ ಗೋಡೆಯನ್ನು ಕಂಡವನು ಯೂಸುಫ್ ಅಲ್ಲ, ನಾವು. ನಾವು ಕೂಗಿ ಕೂಗಿ ಅಲ್ಲಿ ಗೋಡೆ ಕಟ್ಟಿದ್ದೆವು. ಹುಸೇನ್ ಸಾಬ್ ತಮ್ಮ ಕಪ್ಪಾದ ಬೆರಳುಗಳನ್ನು ನೋಡಿಕೊಳ್ಳುತ್ತ ಅಂದರು: "ಸೇಠ, ಈ ಸಲ ನಿಮಗೊಂದು ದೊಡ್ಡ ಪಾನ್ ಕಟ್ಟಸ್ತೇನಿ. ಬಾಯಿ ತುಂಬ."

ಕಾಕಾ ಪಾನ್ ತಿನ್ನುವವನಲ್ಲ. ಆದರೂ ಮರುಪಂದ್ಯದ ದಿನ ಭಾಲ್ಕಿಯ ಬಯಲಿನ ಬದಿಯಲ್ಲಿ ಬಾಯಿ ತುಂಬ ಪಾನ್ ಇಟ್ಟುಕೊಂಡು, ಎರಡೂ ಕೈಗಳಿಂದ ಟವೆಲ್ ಹಿಂಡುತ್ತ ನಿಂತಿದ್ದ. ನಾವೂ ಬಾಯಿ ಬಿಗಿಹಿಡಿದಿದ್ದೆವು. ಬೀದರಿನವರು ಇಷ್ಟು ಮೌನವಾಗಿರುವುದನ್ನು ಕಂಡು ಭಾಲ್ಕಿಯ ಜನ ನಮ್ಮಲ್ಲಿ ಯಾರಾದರೂ ತೀರಿಕೊಂಡರೇ ಎಂದು ವಿಚಾರಿಸಿದರು.

ಆಟ ಚೆನ್ನಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಚೆಂಡು ತೊಗರಿಗೆ ಹೋಗಲಿಲ್ಲ, ಅಷ್ಟೇ. ಯೂಸುಫ್ ನೇರವಾಗಿ ಆಡಿದ, ಇನ್‌ಸ್ಪೆಕ್ಟರ್ ಬಂದ ದಿನ ಪಾಠ ಓದುವ ಹುಡುಗನ ಹಾಗೆ, ತಪ್ಪಿಲ್ಲದೆ, ಜೀವವಿಲ್ಲದೆ. ಭಾಲ್ಕಿಯವರೂ ಗೋಲು ಹೊಡೆಯಲಿಲ್ಲ, ನಾವೂ ಹೊಡೆಯಲಿಲ್ಲ. ಬಿಸಿಲು ಇಳಿಯಿತು. ಗೂಡ್ಸ್ ಗಾಡಿಯೊಂದು ಬಂದು ನಿಂತು ಹೋಯಿತು. ವಿಠಲರಾವ್ ಗಡಿಯಾರ ತೆಗೆದು ನೋಡಿ, ಕಾಕಾನ ಕಡೆ ನೋಡಿ ಮುಗುಳ್ನಕ್ಕರು. ಬರಾಬರಿ ಎಂದರೆ ಖಣಿ ಹೋಯಿತು.

ಆಗ ಯೂಸುಫನಿಗೆ ಚೆಂಡು ಸಿಕ್ಕಿತು. ಎಡಗಡೆ, ಗೆರೆಗೆ ಹತ್ತಿರ. ಎದುರಿಗೆ ಇಬ್ಬರು ಅಡ್ಡ ಬಂದರು. ಅವನು ನಿಂತ. ನಾನು ನೋಡುತ್ತಲೇ ಇದ್ದೆ. ಅವನು ನಿಜವಾಗಿಯೂ ನಿಂತ, ಏನು ಮಾಡಬೇಕೆಂದು ತಿಳಿಯದೆ. ನನ್ನ ಪಕ್ಕದಲ್ಲಿ ಕಾಕಾ ಪಾನ್ ಉಗಿದ. ಅವನ ಬಿಳಿ ಅಂಗಿಯ ಎದೆ ಕೆಂಪಾಯಿತು.

"ಗ್ವಾಡಿ," ಎಂದ.

ಒಬ್ಬನದೇ ಕೂಗು. ಅದನ್ನು ಹಿಡಿದು ತಿರುಗಿ ಕೊಡಲು ಅಲ್ಲಿ ಕಲ್ಲಿರಲಿಲ್ಲ. ಯೂಸುಫನ ಕೈ ಹೊಡೆಯಿತು. ಚೆಂಡು ಎಡಕ್ಕೆ, ಖಾಲಿ ಬಯಲಿಗೆ ಹೊರಟಿತು. ಭಾಲ್ಕಿಯವರಿಬ್ಬರೂ ಅದನ್ನು ಬಿಟ್ಟುಬಿಟ್ಟರು. ತೊಗರಿಗೆ ಹೋಗುವ ಚೆಂಡಿನ ಹಿಂದೆ ಯಾರು ಓಡುತ್ತಾರೆ? ಯೂಸುಫ್ ಅವರ ಇನ್ನೊಂದು ಪಕ್ಕದಿಂದ ಓಡಿದ.

ಸುಣ್ಣದ ಗೆರೆಯ ಮೇಲೆ ಮಾಣಿಕ ನಿಂತಿದ್ದ.

ಅವನು ಅಲ್ಲಿಗೆ ಯಾವಾಗ ಬಂದ ಎಂಬುದನ್ನು ನಾನು ನೋಡಿಲ್ಲ. ಯಾರೂ ನೋಡಿಲ್ಲ. ಬಯಲಿನ ನಡುವೆ ಇರಬೇಕಾದವನು. ಕುರಿಗಳು ಬೇಲಿ ಹರಿದ ಕಡೆ ನುಗ್ಗುವಾಗ ಕುರುಬ ಹೇಗೆ ಅಡ್ಡ ನಿಲ್ಲುತ್ತಾನೋ ಹಾಗೆ, ಕಾಲು ಅಗಲಿಸಿ, ಕೋಲನ್ನು ನೆಲಕ್ಕೆ ಊರಿ ನಿಂತಿದ್ದ. ಚೆಂಡನ್ನು ಹೊಡೆಯಲಿಲ್ಲ. ಕೋಲನ್ನು ಸ್ವಲ್ಪ ಓರೆ ಮಾಡಿದ, ಅಷ್ಟೇ. ಚೆಂಡು ತಾಗಿತು, ಚೂಪಾಗಿ ಒಳಕ್ಕೆ ತಿರುಗಿತು. ಅದೇ ಓರೆ. ಕುದುರಿ ಕಿವಿಯ ಓರೆ. ಯೂಸುಫ್ ಬಗ್ಗಿ ಕೋಲು ಚಾಚಿ ನಿಂತಿದ್ದ, ಹಿಂದಿನ ಪಂದ್ಯದಲ್ಲಿ ನಿಂತಿದ್ದಂತೆಯೇ. ಈ ಸಲ ಚೆಂಡು ಬಂತು.

ಗೋಲಾದದ್ದು ನನಗೆ ಸರಿಯಾಗಿ ನೆನಪಿಲ್ಲ. ಆಗಿರಲೇಬೇಕು, ನಾವು ಗೆದ್ದೆವಲ್ಲ. ನೆನಪಿರುವುದು ಅದಕ್ಕಿಂತ ಮುಂಚಿನ ಸದ್ದಿಲ್ಲದ ಗಳಿಗೆ. ಇಡೀ ಬಯಲು, ಅವರ ಕಡೆಯವರು ನಮ್ಮ ಕಡೆಯವರು ಎನ್ನದೆ, ಉಸಿರು ಹಿಡಿದಿತ್ತು. ವಿಠಲರಾವ್ ಗಡಿಯಾರವನ್ನು ಕಿಸೆಯಲ್ಲಿಡಲು ಹೋದವರು ಕಿಸೆ ಸಿಗದೆ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡೇ ನಿಂತಿದ್ದರು. ಹುಸೇನ್ ಸಾಬ್ "ಯಾ ಅಲ್ಲಾ" ಎಂದರು, ತಮಗೆ ಮಾತ್ರ ಕೇಳುವಷ್ಟು.

ಈಗ ತಕರಾರುಗಳು. ಹುಸೇನ್ ಸಾಬ್ ಸಾಯುವವರೆಗೂ ಹೇಳುತ್ತಿದ್ದರು, ಅದು ಭಾಲ್ಕಿಯಲ್ಲ, ಔರಾದು ಎಂದು. ಕರಿನೆಲದಲ್ಲಿ ಮಾಣಿಕನ ಕಾಲಿನ ಗುರುತು ಮೂಡಿದ್ದನ್ನು ಅವರು ನೋಡಿದ್ದರಂತೆ. ಔರಾದಿನಲ್ಲಿ ಸುಣ್ಣದ ಗೆರೆ ಇರಲಿಲ್ಲ ಎಂದು ನಾನು. ಇತ್ತು, ಮಳೆಗೆ ಅಳಿಸಿತ್ತು ಎಂದು ಅವರು. ಕಾಕಾನ ಪ್ರಕಾರ ಅವನು ಕೂಗಲೇ ಇಲ್ಲ, ಪಾನ್ ಉಗಿಯುವಾಗ ಬಂದ ಸದ್ದು ಅದು. ಆ ಅಂಗಿಯ ಕಲೆಯನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ. ಕಾಕಾನ ಹೆಂಡತಿ, ನಮ್ಮ ಕಾಕು, ಅದನ್ನು ಎಷ್ಟು ಒಗೆದರೂ ಹೋಗಲಿಲ್ಲ.

ವಿಠಲರಾವ್ ಮಾತಿಗೆ ತಪ್ಪಲಿಲ್ಲ. ತಂಡ ಕಟ್ಟಿಕೊಂಡು ಖಣಿಗೆ ಬಂದರು. ಬಲ ಮೂಲೆಯ ನೀರೂ ಅಷ್ಟರಲ್ಲಿ ಇಂಗಿತ್ತು. ಇಳಿಜಾರಿನಲ್ಲಿ ತಮ್ಮವರನ್ನು ಕೆಳಗೆ ಕಳಿಸಿ, ತಾವು ಧೋತರ ಎತ್ತಿ ಹಿಡಿದು, ಹೆದರುತ್ತ ಹೆದರುತ್ತ ನಮ್ಮ ಪಕ್ಕದಲ್ಲಿ ಅಂಚಿಗೆ ಕಾಲು ಇಳಿಬಿಟ್ಟು ಕೂತರು. ಮೊದಲು ಗೋಡೆಗಳನ್ನು ನೋಡಿದರು, ಆಮೇಲೆ ಕೆಳಗೆ. ಯೂಸುಫ್ ಆಡತೊಡಗಿದ. ಅವರ ತಲೆ ಚೆಂಡಿನ ಹಿಂದೆಯೇ ಗೋಡೆಯಿಂದ ಗೋಡೆಗೆ ತಿರುಗುತ್ತಿತ್ತು.

"ಶರಣಪ್ಪನವರ," ಎಂದರು ಕೊನೆಗೆ, "ಇದು ಬಾವಿ ಅಲ್ರಿ."

"ಮತ್ತ?"

ಕೆಳಗೆ ಅವರ ತಂಡದವನೇ ಯೂಸುಫನಿಗೆ ಅಡ್ಡ ಬಂದ. "ಗ್ವಾಡಿ," ಎಂದರು ವಿಠಲರಾವ್.

ಇದನ್ನು ನಾನು ಕಿವಿಯಾರೆ ಕೇಳಿದೆನೋ, ಕಾಕಾ ಹೇಳಿದ್ದನ್ನು ಕೇಳಿದೆನೋ, ಈಗ ಬೇರೆ ಮಾಡಲಾರೆ.

ಮಾಣಿಕನನ್ನು ಒಮ್ಮೆ ಕೇಳಿದ್ದೆ. ಆಗ ಅವನ ಮೀಸೆ ಬೆಳ್ಳಗಾಗಿತ್ತು. ಜನವಾಡದ ದಾರಿಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ. ಆ ದಿನ ಅಲ್ಲಿಗೆ ಯಾಕೆ ಓಡಿದೆ, ಚೆಂಡು ಬರುವುದು ಹೇಗೆ ಗೊತ್ತಾಯಿತು, ಆ ಓರೆ ಹೇಗೆ ಗೊತ್ತಾಯಿತು ಎಂದೆಲ್ಲ. ಅವನು ಕುರಿಗಳ ಕಡೆ ಒಂದು ಕಣ್ಣಿಟ್ಟೇ ಕೇಳಿಸಿಕೊಂಡ.

"ಅವೆಲ್ಲ ನನಗ ಗೊತ್ತಿಲ್ರಿ ಮಾಸ್ತರ," ಎಂದ. "ಸೇಠ ಗ್ವಾಡಿ ಅಂದ್ರು. ನೋಡಿದೆ, ಅಲ್ಲಿ ಗ್ವಾಡಿ ಇರಲಿಲ್ಲ. ಯಾರರ ಒಬ್ಬರು ನಿಂದ್ರಬೇಕಾಗಿತ್ತಲ್ಲ."

ಇಷ್ಟು ಬರೆದ ಮೇಲೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಭಾಲ್ಕಿಯ ಬಯಲಿನ ಸುತ್ತ ಎತ್ತರದ ಜಾಗವೇ ಇರಲಿಲ್ಲ. ದಿಬ್ಬವಿಲ್ಲ, ಮರವಿಲ್ಲ, ತೊಗರಿಯ ಗಿಡ ನನ್ನ ಸೊಂಟಕ್ಕೆ ಬರುತ್ತಿತ್ತು. ನಾನು ನೆಲದ ಮೇಲೆ, ಕಾಕಾನ ಪಕ್ಕದಲ್ಲಿ ನಿಂತಿದ್ದೆ. ಆದರೂ ಕಣ್ಣು ಮುಚ್ಚಿದರೆ ಆ ಗಳಿಗೆ ನನಗೆ ಕಾಣುವುದು ಮೇಲಿನಿಂದ, ಖಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ನೋಡಿದ ಹಾಗೆ. ಬಿಳಿಯ ಚೆಂಡಿನ ದಾರಿ ಎಡಕ್ಕೆ ಹೋಗುತ್ತದೆ, ಮುರಿದು ಒಳಕ್ಕೆ ತಿರುಗುತ್ತದೆ. ತಿರುಗುವ ಆ ಬಿಂದುವಿನಲ್ಲಿ ಏನೂ ಇಲ್ಲದ ಬಯಲಿನಲ್ಲಿ ಒಂದು ಗೋಡೆ ಇದೆ. ಗೋಡೆಗೆ ಎರಡು ಬರಿಗಾಲು.